ಒಣಬಾಯಿಯ ಮಗು

ನಮ್ಮ ಲಿಪಾಲಿ ಕಣಿವೆಯಲ್ಲಿ ಬೆಳಗಿನ ಮಂಜು ಕರಗುವುದು ತಡ. ಈ ನ್ಯೂಗಿನಿ ಗುಡ್ಡಗಳ ನೆತ್ತಿಗೆ ಬಿಸಿಲು ತಾಗುವ ಹೊತ್ತಿಗೆ ಹೆಂಗಸರು ಆಗಲೇ ಒಂದು ಸುತ್ತು ಕೆಲಸ ಮುಗಿಸಿರುತ್ತಾರೆ. ಬೂದಿಯಲ್ಲಿ ಹುಗಿದಿಟ್ಟ ಗೆಣಸನ್ನು ಕೆದಕಿ ತೆಗೆದು, ದಪ್ಪನೆಯವನ್ನು ಗಂಡಸರ ಮನೆಗೆ ಕಳಿಸಿ, ನಡುತರದವನ್ನು ಮಕ್ಕಳ ಕೈಗಿತ್ತು, ಬೆರಳು ಗಾತ್ರದವನ್ನು ಹಂದಿಗಳ ಮುಂದೆ ಸುರಿದು, ಆಮೇಲೆ ತಾವು ಉಳಿದದ್ದನ್ನು ತಿಂದು, ಹೆಣೆದ ಜೋಳಿಗೆಯ ಹಿಡಿಯನ್ನು ಹಣೆಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೊರಡುತ್ತಾರೆ. ಜೋಳಿಗೆ ಬೆನ್ನ ಮೇಲೆ ತೂಗುತ್ತದೆ. ಅದರಲ್ಲಿ ಹೋಗುವಾಗ ಮಗು, ಬರುವಾಗ ಮಗುವೂ ಗೆಣಸೂ.

ಪಸೋನೆ ನನ್ನ ಬೇಲಿಯಾಚೆಯ ಮನೆಯವಳು. ನಾವಿಬ್ಬರೂ ಹೊಳೆಯಾಚೆಯಿಂದ ಮದುವೆಯಾಗಿ ಬಂದವರು. ಆದ್ದರಿಂದ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಗಂಡ ಲಾಕನ್ ಮೆತ್ತನೆಯ ಮನುಷ್ಯ, ಅಪ್ಪನೆದುರು ಕೂತಲ್ಲಿಂದ ಎದ್ದು ಮಾತಾಡಿದವನಲ್ಲ. ಅವನ ಅಪ್ಪ ಕೆಪಾಯ ನಮ್ಮ ಕುಲದಲ್ಲಿ ದೊಡ್ಡ ಮನುಷ್ಯ. ಹಂದಿಯ ಹಬ್ಬದಲ್ಲಿ ಬಯಲಿನುದ್ದಕ್ಕೂ ಗೂಟ ಹೊಡೆದು ಹಂದಿಗಳನ್ನು ಸಾಲಾಗಿ ಕಟ್ಟಿ ಬೇರೆ ಕುಲದವರಿಗೆ ದಾನ ಕೊಡುವಾಗ ಅವನ ಸಾಲು ಎಲ್ಲಿಗೆ ಮುಗಿಯುತ್ತದೆಂದು ನೋಡಲು ಜನ ಕತ್ತು ಚಾಚುತ್ತಿದ್ದರು. ಕೊಡುವವನಿಗೆ ಹೆಸರು. ಇಟ್ಟುಕೊಂಡು ತಿನ್ನುವವನಿಗೆ ನಮ್ಮಲ್ಲಿ ಇಲಿಯ ಮರ್ಯಾದೆ.

ಕೆಪಾಯನ ಕಣ್ಣೆಲ್ಲ ಒಂದು ಹೆಣ್ಣು ಹಂದಿಯ ಮೇಲಿತ್ತು. ಕಪ್ಪು ಮೈ, ಒಂದು ಕಿವಿ ಸೀಳಿದ್ದು, ಕುಯಾಪೆ ಎಂದು ಹೆಸರು. ಅದನ್ನು ಸಾಕುವ ಕೆಲಸ ಪಸೋನೆಯದು, ಬುದ್ಧಿ ಹೇಳುವ ಕೆಲಸ ಮುದುಕನದು. ಗೆಣಸು ಕಿತ್ತು ಮುಗಿದ ಹಳೆಯ ತೋಟಗಳಲ್ಲಿ ತೇವವಾದ ಜಾಗವನ್ನು ಅವನೇ ಕೋಲಿನಿಂದ ಕೆದಕಿ, ಎರೆಹುಳು ಕಂಡ ಮೇಲೆ ಅಲ್ಲಿ ಗೂಟ ಹೊಡೆಸಿ, ಹಂದಿಯ ಮುಂಗಾಲಿಗೆ ಹಗ್ಗ ಕಟ್ಟಿಸುತ್ತಿದ್ದ. ಅದು ಇಡೀ ದಿನ ಮೂತಿಯಿಂದ ಮಣ್ಣು ಉತ್ತು ಹುಳು ತಿನ್ನುತ್ತಿತ್ತು.

“ಬರೀ ಗೆಣಸು ತಿಂದ ಹಂದಿ ಹೊಟ್ಟೆ ಬಿಡ್ತದೆ, ಬೆನ್ನು ಬರಲ್ಲ. ಹುಳ ತಿಂದ್ರೇನೇ ಬೆನ್ನು,” ಎಂದು ಅವನು ಹರೆಯದವರಿಗೆ ಪಾಠ ಹೇಳುತ್ತಿದ್ದ. ಸಂಜೆ ಹಂದಿ ಮನೆಗೆ ಬಂದಾಗ ಅದರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತೃಪ್ತಿಯಾದರೆ ನಾಲಿಗೆಯಲ್ಲಿ ಒಂದು ಲೊಟಕೆ ಹೊಡೆಯುತ್ತಿದ್ದ. ತೃಪ್ತಿಯಾಗದಿದ್ದರೆ ಸೊಸೆಯ ಕಡೆ ನೋಡುತ್ತಿದ್ದ.

ಪಸೋನೆಯ ಮಗ ಯಾಂಗೊ ಆ ಮನೆಯ ಮೊದಲ ಮೊಮ್ಮಗ. ಅಜ್ಜಿ ತಕೀಮೆಯ ಪ್ರಾಣವೆಲ್ಲ ಅವನಲ್ಲಿ. ಅವಳು ಕೆಟ್ಟವಳಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ನನಗೆ ಇಂದಿಗೂ ಸಂಕಟ. ಯಾರನ್ನು ಬೈದರೆ ಮನಸ್ಸು ಹಗುರಾದೀತು ಎಂದು ಹುಡುಕಿದರೆ ಸಿಗುವುದು ಒಂದು ಪದ್ಧತಿ ಮಾತ್ರ. ಅದಕ್ಕೆ ಕಿವಿಯಿಲ್ಲ.

ಆ ಪದ್ಧತಿ ಇದು. ತಾಯಿ ಮತ್ತೆ ಬಸುರಾದಳೆಂದರೆ ಹಾಲು ಕೆಟ್ಟಿತು, ಮೊಲೆ ಬಿಡಿಸಬೇಕು. ಬಿಡಿಸಿದ ಮಗುವಿನ ಬಾಯಿಗೆ ಜಿಡ್ಡು ತಾಗಬಾರದು. ನಮ್ಮ ಸತ್ತ ಹಿರಿಯರು ಹಂದಿಯ ಕೊಬ್ಬಿನ ವಾಸನೆಗೆ ಆಸೆಪಟ್ಟು ಬೇಲಿಯ ಸುತ್ತ ಸುಳಿಯುತ್ತಿರುತ್ತಾರಂತೆ. ಮೊಲೆ ಬಿಟ್ಟ ಮಗುವಿನ ತುಟಿ ಮಿನುಗಿದರೆ ಅದರ ಉಸಿರನ್ನೇ ನೆಕ್ಕಿಕೊಂಡು ಹೋಗುತ್ತಾರಂತೆ. ಆದ್ದರಿಂದ ಮಾಂಸ ಕೂಡದು, ಮೊಟ್ಟೆ ಕೂಡದು, ಎಣ್ಣೆ ಬಿಡುವ ಕಡಲೆಕಾಯಿ, ಕಾಡುಕೇದಗೆಯ ಬೀಜ ಯಾವುದೂ ಕೂಡದು. ಕಾಳು ಕೂಡ ಭಾರ ಎನ್ನುತ್ತಾರೆ. ಗೆಣಸು ಮಾತ್ರ. ಮುಂದಿನ ಹಂದಿಯ ಹಬ್ಬದಲ್ಲಿ ಮಗುವಿನ ಸೋದರಮಾವ ಬಂದು, ಎಲ್ಲರೆದುರು ಒಂದು ತುಂಡು ಕೊಬ್ಬನ್ನು ಮಗುವಿನ ಬಾಯಿಗಿಟ್ಟು, ಅದಕ್ಕೆ ಪ್ರತಿಯಾಗಿ ಒಂದು ಹಂದಿ ಹೊಡೆದುಕೊಂಡು ಹೋಗುತ್ತಾನೆ. ಅಂದಿನಿಂದ ಮಗು ಏನು ಬೇಕಾದರೂ ತಿನ್ನಬಹುದು. ಅಲ್ಲಿಯವರೆಗೆ ಅದು ಒಣಬಾಯಿಯ ಮಗು.

ನಾನು ಹಾಗೆಯೇ ಬೆಳೆದವಳು. ನನ್ನ ದೊಡ್ಡ ಮಕ್ಕಳಿಬ್ಬರು ಹಾಗೆಯೇ ಬೆಳೆದರು. ನಡುವಿನವನೊಬ್ಬ ಬೆಳೆಯಲಿಲ್ಲ. ನಮ್ಮ ಊರಿನಲ್ಲಿ ಗಾಳಿಮರದ ಬುಡಕ್ಕೆ ಹೋದರೆ ಮೊಳದುದ್ದದ ಮಣ್ಣಿನ ದಿಬ್ಬಗಳು ಕಾಣುತ್ತವೆ. ಪ್ರತಿ ಬೇಲಿಯವರಿಗೂ ಅಲ್ಲಿ ಒಂದು ಸ್ವಂತದ್ದು ಇದೆ. ನನ್ನ ಕಿರಿಯವಳು ಮಾಕ ಯಾಂಗೊನ ಓರಗೆಯವಳು, ನನ್ನ ಹಾಲು ಬತ್ತಿ ಮೊಲೆ ಬಿಟ್ಟಿದ್ದರಿಂದ ಅವಳೂ ಆಗ ಒಣಬಾಯಿಯವಳೇ.

ಪಸೋನೆ ಮತ್ತೆ ಬಸುರಾದದ್ದು ಗೊತ್ತಾದ ದಿನ ತಕೀಮೆ ಯಾವುದೋ ಕಹಿ ಬಳ್ಳಿಯ ರಸವನ್ನು ಅವಳ ಮೊಲೆಗೆ ಬಳಿದಳು. ಯಾಂಗೊ ಬಾಯಿಟ್ಟವನು ಮುಖ ಕಿವಿಚಿ, ತಾಯಿಯನ್ನು ನೋಡಿ, ಮತ್ತೆ ಬಾಯಿಟ್ಟ. ಮೂರನೆಯ ಸಲಕ್ಕೆ ಅವಳ ಎದೆಗೆ ಹೊಡೆದ. ಅವನ ಅಳು ಬೇಲಿ ದಾಟಿ ಕೇಳುತ್ತಿತ್ತು. ತಕೀಮೆ ಗೆಣಸನ್ನು ತಾನೇ ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಟ್ಟು ಹಾಡು ಹೇಳುತ್ತಿದ್ದಳು. ಕೆಲವು ದಿನಗಳಲ್ಲಿ ಅಳು ನಿಂತಿತು. ಆ ಬೇಸಿಗೆಗೇ ಹಬ್ಬವೆಂದು ಮಾತಾಗಿದ್ದರಿಂದ ಯಾರೂ ಚಿಂತಿಸಲಿಲ್ಲ.

ಹಬ್ಬ ಮುಂದಕ್ಕೆ ಹೋಯಿತು. ಮೇಲ್ಕಣಿವೆಯವರ ಹಂದಿಗಳಿಗೆ ಕೆಮ್ಮು ಬಂದಿತ್ತು. ಅವರು ಸಿದ್ಧರಾಗುವ ಹೊತ್ತಿಗೆ ನಮ್ಮ ಕೆಪಾಯ ಕುಯಾಪೆಯ ಬೆನ್ನು ಒತ್ತಿ ನೋಡಿ, ಇನ್ನೊಂದು ಮಳೆಗಾಲ ಹುಳ ತಿನ್ನಲಿ ಎಂದ. ಹಂದಿಯ ಬೆನ್ನು ಬರುವವರೆಗೆ ಊರಿನ ಒಣಬಾಯಿಯ ಮಕ್ಕಳೆಲ್ಲ ಕಾಯಬೇಕಾಯಿತು.

ಪಸೋನೆ ಹೆಣ್ಣು ಹೆತ್ತಳು. ಮಿಷನ್ನಿನವರು ಅದಕ್ಕೆ ರೂತ ಎಂದು ಹೆಸರಿಟ್ಟರು. ಆ ಗದ್ದಲದಲ್ಲಿ ಯಾಂಗೊ ಅಜ್ಜಿಯ ಮಡಿಲಿಗೇ ಬಿದ್ದ. ಮಳೆಗಾಲ ಅರ್ಧವಾಗುವಾಗ ತಕೀಮೆ ಅವನನ್ನು ಸೊಂಟಕ್ಕೇರಿಸಿಕೊಂಡು ಬೇಲಿಯ ಹತ್ತಿರ ಬಂದು ನನಗೆ ತೋರಿಸಿದಳು.

“ನೋಡಮ್ಮಾ, ನಿಮ್ಮ ಮಾಕ ಕಡ್ಡಿ ಕಡ್ಡಿ. ನಮ್ಮವನ ಕೆನ್ನೆ ನೋಡು, ಪಾದ ನೋಡು. ಬರೀ ಗೆಣಸಿಗೇ ಹೆಂಗೆ ಉಬ್ಬಿದಾನೆ.”

ನಿಜವೇ. ಕೆನ್ನೆ ತುಂಬಿ ಕಣ್ಣು ಸಣ್ಣವಾಗಿದ್ದವು. ಪಾದಗಳು ಸುಟ್ಟ ಗೆಣಸಿನ ಹಾಗೆ ದುಂಡಗಿದ್ದವು. ಕೂದಲು ಮಾತ್ರ ಕಪ್ಪು ಬಿಟ್ಟು ಒಣಹುಲ್ಲಿನ ಕೆಂಪಿಗೆ ತಿರುಗಿ ಸುರುಳಿ ಸಡಿಲಾಗಿತ್ತು. ಗಂಡಸರು, ಕೆಪಾಯನ ಮನೇಲಿ ಬಿಳಿ ದೊರೆ ಹುಟ್ಟಿದಾನೆ, ಇನ್ನು ತೆರಿಗೆ ಅವನಿಗೇ ಕಟ್ಟೋಣ ಎಂದು ನಗುತ್ತಿದ್ದರು. ಮುದುಕನಿಗೆ ಅದರಿಂದ ಹೆಮ್ಮೆ. ಮಗು ಅಳುತ್ತಿರಲಿಲ್ಲ, ಆಡುತ್ತಿರಲಿಲ್ಲ, ಇಟ್ಟಲ್ಲಿ ಕೂರುತ್ತಿತ್ತು. ಎಷ್ಟು ಒಳ್ಳೆಯ ಮಗು ಎಂದರು ಎಲ್ಲರೂ. ಪಸೋನೆ ಮಾತ್ರ ಒಂದು ದಿನ ತೋಟದಲ್ಲಿ ಗೆಣಸಿನ ಬಳ್ಳಿ ಸರಿಸುತ್ತ, “ಅಕ್ಕಾ, ಅವನು ನನ್ನ ಮೇಲೆ ಕೋಪಾನೂ ಮಾಡ್ಕೊಳ್ತಿಲ್ಲ. ರೂತನ್ನ ಎದೆಗೆ ಹಾಕ್ಕೊಂಡ್ರೂ ಸುಮ್ನೆ ನೋಡ್ತಾನೆ,” ಎಂದಳು.

ಮಕ್ಕಳನ್ನು ತೂಗಲು ಸಿಸ್ಟರ್ ಗೇವಾ ಬರುತ್ತಿದ್ದದ್ದು ಮಿಷನ್ ಆಸ್ಪತ್ರೆಯಿಂದ, ಹೊಳೆ ದಾಟಿ, ಕಾಲ್ನಡಿಗೆಯಲ್ಲಿ. ಕರಾವಳಿಯ ಹುಡುಗಿ, ಮೊರ್ಸ್‌ಬಿ ಬಂದರಿನ ಕಡೆಯವಳು. ನಮ್ಮ ಚಳಿಗೆ ಎರಡು ಅಂಗಿ ತೊಟ್ಟಿರುತ್ತಿದ್ದಳು. ನಾನು ಮಿಷನ್ ಶಾಲೆಯಲ್ಲಿ ಸ್ವಲ್ಪ ಕಲಿತವಳಾದ್ದರಿಂದ ಅವಳ ಮಾತನ್ನು ನಮ್ಮ ಮಾತಿಗೆ ತಿರುಗಿಸುವುದು ನನ್ನ ಪಾಲಿನ ಕೆಲಸ. ಗಾಳಿಮರದ ಕೊಂಬೆಗೆ ತಕ್ಕಡಿ ತೂಗುಹಾಕಿ, ಮಗುವನ್ನು ಜೋಳಿಗೆಯ ಸಮೇತ ಅದರ ಕೊಕ್ಕೆಗೆ ಸಿಕ್ಕಿಸಿ ತೂಗುತ್ತಿದ್ದಳು.

ತಕೀಮೆ ತಾನೇ ಮೊಮ್ಮಗನನ್ನು ತಂದು ಎಲ್ಲರಿಗಿಂತ ಮುಂದೆ ನಿಂತಳು. ತಕ್ಕಡಿಯ ಮುಳ್ಳು ಚೆನ್ನಾಗಿಯೇ ಕೆಳಗಿಳಿಯಿತು. ಮುದುಕಿ ಸುತ್ತ ನೋಡಿದಳು. ಸಿಸ್ಟರ್ ನಗಲಿಲ್ಲ. ಮಗುವನ್ನು ಇಳಿಸಿಕೊಂಡು, ಅದರ ಪಾದದ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದು, ತೆಗೆದಳು. ಅಲ್ಲಿ ಒಂದು ಗುಳಿ ಉಳಿಯಿತು. ಹಸಿ ಜೇಡಿಯಲ್ಲಿ ಬೆರಳೂರಿದ ಹಾಗೆ. ನಾವು ನೋಡುತ್ತಲೇ ಇದ್ದೆವು, ಅದು ತುಂಬಲಿಲ್ಲ.

ಇದು ಮೈಯಲ್ಲ, ನೀರು ಎಂದಳು ಸಿಸ್ಟರ್. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದಾಗ ತಕೀಮೆ, ನೀರಾದರೆ ಎಲ್ಲಿಂದ ಬಂತು, ಮಗು ಏನು ಹೊಳೆ ಕುಡಿದಿದೆಯಾ ಎಂದು ಕೇಳಿದಳು. ಹೆಂಗಸರು ನಕ್ಕರು.

ಸಿಸ್ಟರ್ ನೆಲದ ಮೇಲೆ ಕೂತಳು. ಕೈಗೆ ಸಿಕ್ಕ ಕಡ್ಡಿಗಳನ್ನು ಆರಿಸಿಕೊಂಡು, ನೀವು ಮನೆ ಕಟ್ಟುವುದು ಹೇಗೆ ಎಂದು ಕೇಳಿದಳು. ಎಲ್ಲರೂ ಹೇಳಿದರು: ಕಂಬ, ಬಳ್ಳಿಯ ಕಟ್ಟು, ಹುಲ್ಲಿನ ಹೊದಿಕೆ, ಸುತ್ತ ಬೇಲಿ, ಒಳಗೆ ಬೆಂಕಿ.

“ಗೆಣಸು ಅನ್ನೋದು ಸೌದೆ,” ಎಂದಳು. “ಅದು ಉರಿದ್ರೆ ಮೈ ಬೆಚ್ಚಗಿರ್ತದೆ, ನಡೆಯೋಕೆ ಅಗೆಯೋಕೆ ಶಕ್ತಿ ಬರ್ತದೆ. ಕೊಬ್ಬು, ಎಣ್ಣೆ ಅನ್ನೋದು ಗಟ್ಟಿಮರದ ಸೌದೆ, ಸ್ವಲ್ಪ ಹಾಕಿದ್ರೂ ಬಹಳ ಹೊತ್ತು ಉರೀತದೆ. ಆದ್ರೆ ಸೌದೆ ಒಟ್ಟಿದ್ರೆ ಮನೆ ಆಗ್ತದಾ? ಕಂಬ ಬೇಕಲ್ಲ. ಮಾಂಸ, ಮೊಟ್ಟೆ, ಕಡಲೆಕಾಯಿ, ಅವರೆ, ಮೀನು, ಇವು ಕಂಬ. ಎಲುಬಿನ ಮೇಲಿನ ಮಾಂಸ, ರಕ್ತ, ಕೂದಲು, ಚರ್ಮ ಎಲ್ಲಾ ಅದರಿಂದಾನೇ ಕಟ್ಟೋದು. ಕುಂಬಳದ ಕುಡಿ, ಸೊಪ್ಪು, ಕೆಂಪು ಹಣ್ಣು, ಇವು ಬೇಲಿ. ಕಾಯಿಲೆ ಒಳಗೆ ನುಗ್ಗದ ಹಾಗೆ ಕಾಯ್ತವೆ. ನೀರು, ಉಪ್ಪು ಇಲ್ದೆ ಯಾವ ಕೆಲಸಾನೂ ನಡೆಯಲ್ಲ. ಈ ಮಗುವಿಗೆ ನೀವು ಬರೀ ಸೌದೆ ಹಾಕಿದೀರಿ. ಒಳಗಿನ ಕಂಬಾನೇ ಕಿತ್ತು ಕಿತ್ತು ಅದು ಉರೀತಾ ಇದೆ.”

ನಾನು ಒಂದೊಂದಾಗಿ ತಿರುಗಿಸಿ ಹೇಳಿದೆ. ಯಾರೂ ನಗಲಿಲ್ಲ. ಪಸೋನೆ ಕಡ್ಡಿಗಳನ್ನೇ ನೋಡುತ್ತಿದ್ದಳು. ಸಿಸ್ಟರ್, ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಹಾಲಿನ ಪುಡಿಗೆ ಎಣ್ಣೆ ಸಕ್ಕರೆ ಕಲಸಿ ಮೊದಲು ಚಮಚದಲ್ಲಿ ಕುಡಿಸಬೇಕು, ಆಮೇಲೆ ಮೊಟ್ಟೆ, ಕಡಲೆಕಾಯಿ ಎಂದಳು. ಎಣ್ಣೆ ಎಂಬ ಮಾತು ಬಂದದ್ದೇ ತಕೀಮೆ ಮಗುವನ್ನು ಕಿತ್ತುಕೊಂಡು ಜೋಳಿಗೆಗೆ ಹಾಕಿದಳು. ಮೀನು ತಿಂದು ಬೆಳೆದ ಹುಡುಗಿಗೆ ನಮ್ಮ ಸತ್ತವರ ವಿಷಯ ಏನು ಗೊತ್ತು, ಅವಳ ಊರಲ್ಲಿ ಸತ್ತವರು ಸಮುದ್ರಕ್ಕೆ ಹೋಗುತ್ತಾರೆ, ನಮ್ಮವರು ಬೇಲಿಯ ಹತ್ತಿರವೇ ಇರುತ್ತಾರೆ ಎಂದು ಹೇಳುತ್ತ ಗುಡ್ಡ ಇಳಿದಳು.

ಅಂದು ಸಂಜೆ ಕೆಪಾಯ ಹಂದಿಯ ಬೆನ್ನು ಒತ್ತಿ ನೋಡುತ್ತಿದ್ದಾಗ ಪಸೋನೆ ಅವನೆದುರು ನಿಂತಳು. ಮಾವನೆದುರು ಸೊಸೆ ತಲೆ ತಗ್ಗಿಸಿ ಸರಿದುಹೋಗುವುದು ನಮ್ಮ ರೀತಿ. ನಾನು ಬೇಲಿಯ ಈಚೆ ಸೌದೆ ಒಟ್ಟುತ್ತಿದ್ದೆ, ಕೈ ನಿಂತಿತು.

“ಮಾವಾ, ಇದಕ್ಕೆ ಹುಳ ಯಾಕೆ ಬೇಕು?”

“ಬೆನ್ನು ಬರೋಕೆ.”

“ಬರೀ ಗೆಣಸು ಹಾಕಿದ್ರೆ?”

“ಹೊಟ್ಟೆ ಬಿಡ್ತದೆ. ನಿಂಗೆ ಗೊತ್ತಿಲ್ವಾ, ಸಾಕೋಳು ನೀನೇ.”

“ನನ್ನ ಮಗನಿಗೂ ಹೊಟ್ಟೆ ಬಿಟ್ಟಿದೆ ಮಾವಾ.”

ಮುದುಕನ ಹೆಬ್ಬೆರಳು ಹಂದಿಯ ಬೆನ್ನ ಮೇಲೇ ಇತ್ತು. ಅವನಿಗೆ ಮಾತು ಅರ್ಥವಾಗಲಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಅರ್ಥವಾಯಿತು, ಒಂದು ಗಳಿಗೆ ಅವನ ಮುಖ ಬೇರೆಯಾಯಿತು. ಆಮೇಲೆ ಅವನು ಹಂದಿಯನ್ನು ಬಿಟ್ಟು ನೆಟ್ಟಗೆ ನಿಂತ.

“ಹಂದಿ ಹಂದೀನೇ, ಮಗು ಮಗೂನೇ. ಹಂದೀನ ಸತ್ತವರು ಕರೆಯಲ್ಲ. ನನ್ನ ತಮ್ಮನ್ನ ಕರೆದ್ರು, ಹುಡುಗ ಕದ್ದು ಕೊಬ್ಬು ನೆಕ್ಕಿದ್ದ. ನಾನು ಕಣ್ಣಾರೆ ನೋಡಿದೀನಿ. ನನ್ನ ಮೊಮ್ಮಗನ್ನ ಹಂದಿ ಜೊತೆ ತೂಗಬೇಡ ನೀನು.”

ಪಸೋನೆ ಅಲ್ಲಿಂದ ಸರಿದಳು. ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡಲು ಹೋದಳು. ಸಂತೆಗೆಂದು ಬೆಳೆದಿದ್ದ ಕಡಲೆಕಾಯಿಯಲ್ಲಿ ಒಂದು ಹಿಡಿಯನ್ನು ತೋಟದ ಗುಡಿಸಲಲ್ಲಿ ಕಲ್ಲಿನಲ್ಲಿ ಜಜ್ಜಿ, ನೀರು ಸೇರಿಸಿ, ಬೆರಳಿನಲ್ಲಿ ಮಗುವಿಗೆ ನೆಕ್ಕಿಸುತ್ತಿದ್ದಳು. ನಾನು ಕಾವಲು ನಿಲ್ಲುತ್ತಿದ್ದೆ. ಮೊದಮೊದಲು ಅವನು ನುಂಗಲಿಲ್ಲ, ನಾಲಿಗೆಯ ಮೇಲೆ ಹಾಗೆಯೇ ಇರುತ್ತಿತ್ತು. ಒಂದು ದಿನ ಅವಳ ಬೆರಳನ್ನು ಚೀಪಿದ. ಅವಳು ನನ್ನ ಕಡೆ ತಿರುಗಿ ನಕ್ಕದ್ದು, ಆ ಮಳೆಗಾಲದಲ್ಲಿ ನಾನು ಕಂಡ ಒಂದೇ ನಗು.

ಅದು ಹೆಚ್ಚು ದಿನ ನಡೆಯಲಿಲ್ಲ. ತಕೀಮೆ ಮಗುವನ್ನು ಮುದ್ದಿಸಲು ಹೋಗಿ ಬಾಯಿ ಮೂಸಿದಳು. ಅವಳ ಕಿರುಚಾಟಕ್ಕೆ ಅರ್ಧ ಊರು ಬಂತು. ಬೂದಿಯನ್ನು ಎಲೆಯಲ್ಲಿ ಹಿಡಿದು ಮಗುವಿನ ತುಟಿ, ಒಸಡು, ನಾಲಿಗೆಯನ್ನೆಲ್ಲ ತಿಕ್ಕಿ ತಿಕ್ಕಿ ಒರೆಸಿದಳು, ಒರೆಸುತ್ತ ಅಳುತ್ತಿದ್ದಳು. ಲಾಕನ್ ಹೆಂಡತಿಗೆ ಹೊಡೆದ. ಮೆತ್ತನೆಯ ಮನುಷ್ಯ ಎಲ್ಲರ ಮುಂದೆ ಹೊಡೆಯಬೇಕಾಗಿ ಬಂದಾಗ ಜೋರಾಗಿಯೇ ಹೊಡೆಯುತ್ತಾನೆ. ಅಂದಿನಿಂದ ಯಾಂಗೊನನ್ನು ತಾಯಿಯ ಜೊತೆ ತೋಟಕ್ಕೆ ಬಿಡಲಿಲ್ಲ.

ಉಳಿದದ್ದು ಒಂದೇ ದಾರಿ. ಸೋದರಮಾವ ಹಬ್ಬಕ್ಕೆ ಕಾಯದೆ ಈಗಲೇ ಬಂದು ಮೊದಲ ತುತ್ತು ಇಟ್ಟುಬಿಟ್ಟರೆ ಒಣಬಾಯಿ ಮುಗಿಯುತ್ತದೆ, ಆಮೇಲೆ ಯಾರೂ ಏನೂ ಅನ್ನುವಂತಿಲ್ಲ. ನಾನು ತವರಿಗೆ ಹೋಗುವ ನೆಪದಲ್ಲಿ ಹೊಳೆ ದಾಟಿ ಪಸೋನೆಯ ಅಣ್ಣ ಮಿಯೋಕೊನಿಗೆ ಹೇಳಿದೆ. ಅವನು ಓಡಿ ಬಂದ. ಮಗುವನ್ನು ಎತ್ತಿಕೊಂಡು, ಅದರ ತಲೆ ತನ್ನ ಭುಜದ ಮೇಲೆ ಒರಗಿದಾಗ ಅವನ ಕಣ್ಣಲ್ಲಿ ನೀರು ಬಂತು. ಅವನ ಜೋಳಿಗೆಯಲ್ಲಿ ಎಲೆಯಲ್ಲಿ ಸುತ್ತಿದ ಹೊಗೆಮಾಂಸದ ತುಂಡೂ ಇತ್ತು. ಅದನ್ನು ನಾನು ಕಂಡೆ.

ಗಂಡಸರ ಮನೆಯ ಮುಂದೆ ಕೂತು ಮಾತು ನಡೆಯಿತು. ಮಧ್ಯಾಹ್ನವೆಲ್ಲ ನಡೆಯಿತು. ಹಬ್ಬಕ್ಕೆ ಮೊದಲು ತುತ್ತಿಟ್ಟರೆ ಅದಕ್ಕೆ ಪ್ರತಿಯಾಗಿ ಹಂದಿ ಈಗಲೇ ಕೊಡಬೇಕು. ಕುಯಾಪೆಯನ್ನು ಈಗ ಬಿಚ್ಚಿದರೆ ಬಯಲಿನಲ್ಲಿ ಸಾಲು ಮುರಿಯುತ್ತದೆ, ಕುಲದ ಮುಖ ಹೋಗುತ್ತದೆ ಎಂದ ಕೆಪಾಯ. ಹಾಗಾದರೆ ಸಣ್ಣದೊಂದು ಕೊಡು ಎಂದರು ಯಾರೋ. ಮಿಯೋಕೊನ ಜೊತೆ ಬಂದಿದ್ದ ಅವನ ಕುಲದ ಹಿರಿಯರು, ಮೊದಲ ಮೊಮ್ಮಗನ ತುತ್ತಿಗೆ ಮರಿಹಂದಿ ತಗೊಂಡು ಬಂದ್ರು ಅಂತ ನಮ್ಮನ್ನು ನಗೆಪಾಟಲು ಮಾಡ್ತಾರೆ ಎಂದರು. ಹಂದಿಯೇ ಬೇಡ, ಸುಮ್ಮನೆ ಇಡುತ್ತೇನೆ ಎಂದು ಮಿಯೋಕೊ ಒಂದು ಸಲ ಬಾಯಿಬಿಟ್ಟ.

“ಸುಮ್ನೆ ಇಡೋಕೆ ನನ್ನ ಮೊಮ್ಮಗ ಏನು ಅಪ್ಪ ಇಲ್ದವನಾ?” ಎಂದ ಕೆಪಾಯ.

ಅಲ್ಲಿಗೆ ಮಾತು ಮುಗಿಯಿತು. ಮಿಯೋಕೊ ತಲೆ ತಗ್ಗಿಸಿದ. ಸಂಜೆ ಹೊಳೆಯ ಕಡೆ ಇಳಿಯುವಾಗ ಅವನು ತಂಗಿಯ ಕಡೆ ನೋಡಲಿಲ್ಲ. ಎಲೆಯಲ್ಲಿ ಸುತ್ತಿದ ತುಂಡು ಅವನ ಜೋಳಿಗೆಯಲ್ಲೇ ವಾಪಸು ಹೋಯಿತು.

ಆಮೇಲೆ ಯಾಂಗೊನ ತೊಡೆಯ ಸಂದಿನಲ್ಲಿ, ಮೊಣಕಾಲ ಹಿಂದೆ ಚರ್ಮ ಕಪ್ಪಾಗಿ, ಹಳೆಯ ಬಾಳೆಪಟ್ಟೆಯ ಹಾಗೆ ಸಿಪ್ಪೆ ಎದ್ದಿತು. ಅಡಿಯಲ್ಲಿ ಹಸಿ ಗಾಯ. ಗೆಣಸನ್ನೂ ಒಲ್ಲೆನೆಂದ. ಭೇದಿ ಹತ್ತಿತು. ಇದು ಜಿಡ್ಡು ನೆಕ್ಕಿಸಿದ್ದರ ಫಲ, ಸತ್ತವರು ವಾಸನೆ ಹಿಡಿದಿದ್ದಾರೆ ಎಂದಳು ತಕೀಮೆ. ಊರೂ ಅದನ್ನೇ ಹೇಳಿತು. ಪಸೋನೆಯ ಒಂದು ಹಿಡಿ ಕಡಲೆಕಾಯಿ ಮಗನನ್ನು ಕೊಲ್ಲುತ್ತಿದೆ ಎಂದು ಅವಳ ಮುಖಕ್ಕೇ ಹೇಳಿದವರಿದ್ದರು. ಅವಳು ಅದನ್ನು ನಂಬಿದಳೋ ಎಂದು ನನಗೆ ಭಯವಿತ್ತು, ಕೇಳುವ ಧೈರ್ಯವಾಗಲಿಲ್ಲ.

ಕೊನೆಗೆ ಲಾಕನ್‌ಗೇ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಮೇಲ್ಕಣಿವೆಗೆ ಹಬ್ಬದ ಮಾತಿಗೆ ಹೋದ ಹೊತ್ತು ನೋಡಿ, ತನ್ನ ತಾಯಿಯ ಮಡಿಲಿಂದ ಮಗನನ್ನು ಎತ್ತಿ ಹೆಂಡತಿಯ ಜೋಳಿಗೆಗೆ ಹಾಕಿ, “ನಡಿ, ಆ ಆಸ್ಪತ್ರೆ ಹುಡುಗಿ ಹತ್ರ ಹೋಗು,” ಎಂದ. ತಕೀಮೆ ತಡೆಯಲಿಲ್ಲ. ಬಾಗಿಲಲ್ಲಿ ಕೂತು, ದಾರಿಯಲ್ಲಿ ಮಗುವಿನ ಬಾಯಿ ಮುಚ್ಚಿಕೊಂಡು ಹೋಗಿ ಎಂದಷ್ಟೇ ಹೇಳಿದಳು.

ಪಸೋನೆ ಮುಂದೆ, ನಾನು ರೂತನ್ನು ಎತ್ತಿಕೊಂಡು ಹಿಂದೆ. ದಾರಿ ಜಾರುತ್ತಿತ್ತು. ಅವಳು ಹಣೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬೇಗಬೇಗ ನಡೆಯುತ್ತಿದ್ದಳು, ನಡೆಯುತ್ತ ಮಗನಿಗೆ ಹೇಳುತ್ತಿದ್ದಳು: ಹಾಲು ಕೊಡ್ತಾರಂತೆ ಕಣೋ, ಸಕ್ಕರೆ ಹಾಕಿ ಕೊಡ್ತಾರಂತೆ, ನೀನು ಎಷ್ಟು ಕುಡಿದ್ರೂ ಬೈಯಲ್ಲವಂತೆ. ಜೋಳಿಗೆಯ ಹೆಣಿಗೆಯ ಸಂದಿಯಿಂದ ನನಗೆ ಅವನ ಮುಖ ಕಾಣುತ್ತಿತ್ತು. ಬಳ್ಳಿಯ ಸೇತುವೆಯ ಹತ್ತಿರ ಬರುವಾಗ ಅವನ ತೆರೆದ ಕಣ್ಣಿನ ಅಂಚಿಗೆ ಒಂದು ನೊಣ ಬಂದು ಕೂತಿತು. ಅದು ನಡೆದಾಡಿತು. ಕಣ್ಣು ಮಿಟುಕಲಿಲ್ಲ.

ಪಸೋನೆ ಸೇತುವೆಯ ಮೇಲೆ ಕಾಲಿಟ್ಟಿದ್ದಳು. ಹಾಲಿನ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಅವಳ ಹೆಸರು ಕೂಗಬೇಕಿತ್ತು. ಆಚೆ ದಡ ಮುಟ್ಟುವವರೆಗೂ ಕೂಗಲಿಲ್ಲ. ಸೇತುವೆಯ ಮೇಲೆ ಅವಳು ತಿರುಗಿ ನೋಡಿದರೆ ಬಿದ್ದುಹೋಗುತ್ತಾಳೆಂದು.

ಮಗು ಸತ್ತರೆ ಅದರ ಸೋದರಮಾವನ ಕುಲಕ್ಕೆ ತಲೆಯ ಹಂದಿ ಕೊಡಬೇಕು. ನಿಮ್ಮ ರಕ್ತವನ್ನು ನಾವು ಕಾಯಲಿಲ್ಲ ಎಂದು ಒಪ್ಪಿಕೊಳ್ಳುವ ಹಂದಿ ಅದು. ಇದನ್ನು ಮುಂದಕ್ಕೆ ಹಾಕುವಂತಿಲ್ಲ. ಕೆಪಾಯ ಮೇಲ್ಕಣಿವೆಯಿಂದ ಬಂದವನು ಯಾರೊಡನೆಯೂ ಮಾತಾಡದೆ ಹಿತ್ತಲಿಗೆ ಹೋಗಿ, ಕುಯಾಪೆಯ ಹಗ್ಗವನ್ನು ತಾನೇ ಬಿಚ್ಚಿ ತಂದ. ಅಂದು ಅದರ ಬೆನ್ನನ್ನು ಒತ್ತಿ ನೋಡಲಿಲ್ಲ.

ಕಲ್ಲು ಕಾಯಿಸಿ, ಗುಂಡಿಗೆ ಬಾಳೆಯೆಲೆ ಹಾಸಿ, ಸೀಳಿದ ಹಂದಿಯನ್ನೂ ಸೊಪ್ಪನ್ನೂ ಇಟ್ಟು ಮುಚ್ಚಿದರು. ಹೆಂಗಸರು ಮೈಗೆ ಬಿಳಿ ಜೇಡಿ ಬಳಿದುಕೊಂಡು ಮಗುವಿನ ಸುತ್ತ ಕೂತಿದ್ದೆವು. ಮಧ್ಯಾಹ್ನ ಗುಂಡಿ ತೆರೆದಾಗ ಎದ್ದ ಹಬೆಯ ವಾಸನೆಗೆ ಅಳುತ್ತಿದ್ದವರ ಬಾಯಲ್ಲೂ ನೀರೂರಿತು. ಬೇಲಿಯ ಪಕ್ಕ ಊರಿನ ಒಣಬಾಯಿಯ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು, ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ. ಅವರಲ್ಲಿ ಒಂದಿಬ್ಬರ ಕೂದಲು ಕೆಂಪಗಿತ್ತು. ನಾನು ಮೊದಲ ಸಲ ಅದನ್ನು ನೋಡಿದೆ.

ಮಿಯೋಕೊ ಬೆನ್ನಿನ ಕೊಬ್ಬಿನ ಒಂದು ತುಂಡು ಕೊಯ್ದುಕೊಂಡ. ಮೂರು ಬೆರಳು ದಪ್ಪದ ಬಿಳಿ ಕೊಬ್ಬು. ಅಂಥ ಬೆನ್ನನ್ನು ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ. ಮಗು ಒಣಬಾಯಲ್ಲಿ ಸತ್ತರೆ ಆಚೆ ಲೋಕದಲ್ಲೂ ಹಸಿದೇ ಇರುತ್ತದೆಂದು, ಹೂಳುವ ಮೊದಲು ಸೋದರಮಾವ ಆ ತುತ್ತನ್ನು ಇಡಲೇಬೇಕು. ಅವನು ಮಂಡಿಯೂರಿ ಕೂತು ಯಾಂಗೊನ ತುಟಿಗೆ ಕೊಬ್ಬು ಸವರಿದ. ತುಟಿ ಮಿನುಗಿತು. ನೋಡುತ್ತಿದ್ದ ತಕೀಮೆಯ ಕೈ ಅಭ್ಯಾಸಬಲದಿಂದ ಒರೆಸಲು ಮುಂದೆ ಬಂದು, ಅರ್ಧದಲ್ಲಿ ನಿಂತಿತು. ಆ ಕೈಯನ್ನು ಅವಳು ಎಲ್ಲಿಡುವುದೆಂದು ತಿಳಿಯದೆ ನೆಲಕ್ಕೆ ಊರಿದಳು.

“ದಪ್ಪಗಿದ್ದ. ಎಲ್ಲರೂ ನೋಡಿದ್ರಿ. ದಪ್ಪಗಿದ್ದ ಅವನು,” ಎಂದ ಕೆಪಾಯ, ಯಾರೂ ಕೇಳದಿದ್ದರೂ.

ಮಾಂಸ ಹಂಚಿದರು. ಸತ್ತ ಮಗುವಿನ ತಾಯಿಗೆಂದು ಪಿತ್ತಕೋಶದ ಪಕ್ಕದ ಈಲಿಯ ತುಂಡನ್ನು ಎಲೆಯಲ್ಲಿಟ್ಟು ಕೊಡುವುದು ರೂಢಿ. ಅದನ್ನು ಅವಳು ತಿನ್ನಬಹುದು, ತನ್ನ ಅಣ್ಣನಿಗೆ ಕೊಡಬಹುದು. ಪಸೋನೆ ಎಲೆಯನ್ನು ಕೈಗೆ ತೆಗೆದುಕೊಂಡಳು. ಮೈಮೇಲಿನ ಜೇಡಿ ಒಣಗಿ ಬಿರುಕುಬಿಟ್ಟಿತ್ತು. ಅವಳು ಎದ್ದು, ಕೂತಿದ್ದ ಗಂಡಸರ ನಡುವೆಯೇ ಹಾದು, ಬೇಲಿಯ ಕಡೆ ನಡೆದಳು. ಅಲ್ಲಿ ನನ್ನ ಮಾಕ ನಿಂತಿದ್ದಳು.

ಪಸೋನೆ ಅವಳೆದುರು ಕುಕ್ಕರುಗಾಲಲ್ಲಿ ಕೂತು, ಮೊದಲು ಅವಳ ಪಾದವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದಳು. ತೆಗೆದು ನೋಡಿದಳು. ಆಮೇಲೆ ಈಲಿಯ ಒಂದು ಚೂರು ಕಡಿದು, ತನ್ನ ಬಾಯಲ್ಲಿ ಅಗಿದು ಮೆತ್ತಗೆ ಮಾಡಿ, ಬೆರಳ ತುದಿಯಲ್ಲಿ ಹಿಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಮಾತಿನ ಗದ್ದಲ ಒಂದೊಂದು ಬದಿಯಿಂದ ನಿಲ್ಲುತ್ತ ಬಂದು, ಬಯಲೆಲ್ಲ ಸುಮ್ಮನಾಯಿತು.

“ಅಕ್ಕಾ, ನಿನ್ನ ಮಗಳು. ನೀನು ಬೇಡ ಅಂದ್ರೆ ಬಿಡ್ತೀನಿ.”

ನನ್ನ ಅತ್ತೆ ನನ್ನ ತೋಳು ಹಿಡಿದಿದ್ದಳು. ನನ್ನ ಗಂಡ ಗಂಡಸರ ನಡುವಿನಿಂದ ಎದ್ದು ನಿಂತಿದ್ದ. ನನ್ನ ಅಣ್ಣ ಅಲ್ಲಿರಲಿಲ್ಲ, ಹಬ್ಬವೂ ಅಲ್ಲ. ಈ ತುತ್ತು ಇಡುವ ಹಕ್ಕು ಪಸೋನೆಗೆ ಯಾವ ಲೆಕ್ಕದಲ್ಲೂ ಇರಲಿಲ್ಲ. ನನಗೂ ಹೆದರಿಕೆಯಾಗಿತ್ತು. ನಾನು ಕೂಡ ಸತ್ತವರನ್ನು ನಂಬಿ ಬೆಳೆದವಳು. ಬೇಲಿಯಾಚೆ ಗಾಳಿಮರಗಳು ಸುಯ್ಯೆನ್ನುತ್ತಿದ್ದವು, ಅವುಗಳ ಬುಡದಲ್ಲಿ ನನ್ನ ನಡುವಿನವನೂ ಇದ್ದ. ಅವನ ಬಾಯಿಗೆ ಕೊಬ್ಬು ಸವರಲು ಅಂದು ನನ್ನ ಅಣ್ಣ ತಡವಾಗಿ ಬಂದಿದ್ದ.

ನಾನು ಬೇಡವೆನ್ನಲಿಲ್ಲ. ಬೇಕೆನ್ನಲೂ ಬಾಯಿ ಬರಲಿಲ್ಲ. ಪಸೋನೆ ಸ್ವಲ್ಪ ಹೊತ್ತು ಕಾದು, ತುತ್ತನ್ನು ಮಾಕಳ ಬಾಯಿಗಿಟ್ಟಳು. ಮಗು ಮೊದಲು ತಿಳಿಯದೆ ನಾಲಿಗೆಯಿಂದ ಹೊರಗೆ ತಳ್ಳಿತು. ಪಸೋನೆ ಮತ್ತೆ ಒಳಗಿಟ್ಟಳು. ಆಗ ಅದು ದವಡೆಯಾಡಿಸಿ, ಕಣ್ಣರಳಿಸಿ, ನುಂಗಿ, ಅವಳ ಬೆರಳಿಗಾಗಿ ಮತ್ತೆ ಬಾಯಿ ತೆರೆಯಿತು.

ಅತ್ತೆ ನನ್ನ ತೋಳನ್ನು ಬಿಟ್ಟು, ಬೂದಿ ಹಾಕಿದ ಎಲೆಯನ್ನು ಎಲ್ಲಿಂದಲೋ ತಂದು ನನ್ನ ಕೈಗೆ ತುರುಕಿದಳು. ಮಗಳು ನನ್ನ ಹತ್ತಿರ ಓಡಿ ಬಂದು ಮೊಣಕಾಲು ತಬ್ಬಿಕೊಂಡಳು. ಅವಳ ತುಟಿ, ಗಲ್ಲ ಎಲ್ಲ ಮಿನುಗುತ್ತಿತ್ತು. ಊರೆಲ್ಲ ನನ್ನ ಕೈಯನ್ನೇ ನೋಡುತ್ತಿತ್ತು. ನಾನು ಎಲೆಯನ್ನು ಕೆಳಗೆ ಬಿಟ್ಟೆ. ಮಗಳ ಬಾಯಿ ಒರೆಸಲಿಲ್ಲ.